ಹುಂಜದ ಜುಟ್ಟಿನಲ್ಲಿ ಹಲ್ಲು ನೆಟ್ಟ ಜಾನ್ ಹಂಟರ್



ನಿಮ್ಮ ಮೊದಲ ಹಾಲುಹಲ್ಲು ಬಿದ್ದಾಗ ಅದನ್ನು ಏನು ಮಾಡಿದಿರಿ? ನಮ್ಮ ಹಳ್ಳಿಗಳಲ್ಲಿ ಬಿದ್ದ ಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಮನೆಯ ಮಾಳಿಗೆಯ ಮೇಲೆ ಎಸೆಯುವ ರೂಢಿಯಿದೆ. ಕೆಲವು ದಿನಗಳಾದ ಮೇಲೆ ಕನ್ನಡಿಯಲ್ಲಿ ನೋಡಿಕೊಂಡರೆ ಖಾಲಿಯಿದ್ದ ಜಾಗದಲ್ಲಿ ಹೊಸ ಹಲ್ಲು ಇಣುಕುತ್ತಿರುತ್ತದೆ. ಹೀಗೆ 20 ಹಾಲುಹಲ್ಲುಗಳು ಒಂದೊಂದಾಗಿ ಉದುರಿ, ದೊಡ್ಡವರಾಗುವ ಹೊತ್ತಿಗೆ ಬಾಯಿಯಲ್ಲಿ 32 ಶಾಶ್ವತ ಹಲ್ಲುಗಳು ಬರುತ್ತವೆ.

ಆದರೆ ಶಾಶ್ವತ ಹಲ್ಲು ಬಿದ್ದರೆ? ಮೊಸಳೆಗೆ ಚಿಂತೆಯಿಲ್ಲ, ಅದಕ್ಕೆ ಹಲ್ಲುಗಳು ಬೀಳುತ್ತಲೂ ಇರುತ್ತವೆ, ಮತ್ತೆ ಬರುತ್ತಲೂ ಇರುತ್ತವೆ. ಮನುಷ್ಯನಿಗೆ ಮೂರನೆಯ ಸಲ ಹಲ್ಲು ಬರುವುದಿಲ್ಲ. ಮಾಸ್ತಿಯ ಯಾವುದೇ ಬೀದಿಯಲ್ಲಿ ಜಗಲಿಯ ಮೇಲೆ ಕುಳಿತ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. ರಾಗಿಮುದ್ದೆಯನ್ನು ಹೇಗೂ ಅಗಿಯದೆ ನುಂಗುವುದರಿಂದ ಅದರಿಂದ ಅವರಿಗೆ ತೊಂದರೆಯಿಲ್ಲ. ಹುರಿಗಡಲೆ, ಕೊಬ್ಬರಿ, ಹುರಿದ ಅವರೆಕಾಳು ಮುಂದೆ ಬಂದಾಗಲೇ ಕಷ್ಟ!

ಹೋದ ಹಲ್ಲಿನ ಜಾಗಕ್ಕೆ ಇನ್ನೊಂದು ಹಲ್ಲನ್ನು ಕೂರಿಸಬೇಕೆಂಬ ಆಸೆ ಬಹಳ ಹಳೆಯದು. ನಮ್ಮ ತಾಲ್ಲೂಕಿನ ರೈತರು ಟೊಮೆಟೊ ಸಸಿಯನ್ನು ಒಂದು ಕಡೆ ಬೆಳೆಸಿ, ಕಿತ್ತು, ಹೊಲದಲ್ಲಿ ನಾಟಿ ಮಾಡುವುದನ್ನು ನೀವು ನೋಡಿದ್ದೀರಿ. ಬೇರು ಹಸಿಯಾಗಿದ್ದರೆ ಸಸಿ ಹೊಸ ಜಾಗದಲ್ಲೂ ಬದುಕುತ್ತದೆ. ಹಾಗಾದರೆ ಹಲ್ಲನ್ನೂ ಹೀಗೆಯೇ ಏಕೆ ನೆಡಬಾರದು? ಸುಮಾರು 250 ವರ್ಷಗಳ ಹಿಂದೆ ಲಂಡನ್ನಿನಲ್ಲಿ ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿಕೊಂಡ ಒಬ್ಬ ಶಸ್ತ್ರವೈದ್ಯರಿದ್ದರು. ಅವರ ಹೆಸರು ಜಾನ್ ಹಂಟರ್. ಅವರ ಕಥೆಯಲ್ಲಿ ಒಂದು ಅದ್ಭುತ ಪ್ರಯೋಗವಿದೆ. ಅವರ ಹೆಸರಿಗೆ ಅಂಟಿಕೊಂಡ ಒಂದು ಕಲೆಯೂ ಇದೆ. ಎರಡನ್ನೂ ತಿಳಿಯೋಣ ಬನ್ನಿ.

ಜಾನ್ ಹಂಟರ್ ಹುಟ್ಟಿದ್ದು 1728ರ ಫೆಬ್ರವರಿಯಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಹತ್ತಿರದ ಒಂದು ಹಳ್ಳಿಮನೆಯಲ್ಲಿ. ಹತ್ತು ಮಕ್ಕಳಲ್ಲಿ ಅವನೇ ಕೊನೆಯವನು. ಪಾಠ ಒಪ್ಪಿಸುವುದೆಂದರೆ ಅವನಿಗೆ ಆಗುತ್ತಿರಲಿಲ್ಲ. ಶಾಲೆ ತಪ್ಪಿಸಿಕೊಂಡು ಹೊಲ ತೋಟಗಳಲ್ಲಿ ಅಲೆಯುತ್ತಿದ್ದ. ಮೋಡಗಳೇಕೆ ಹಾಗಿವೆ, ಹುಲ್ಲೇಕೆ ಹೀಗಿದೆ, ಎಲೆಗಳು ಉದುರುವ ಮೊದಲು ಬಣ್ಣ ಬದಲಿಸುವುದೇಕೆ ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದ. ಯಾರಿಗೂ ಉತ್ತರ ಗೊತ್ತಿರಲಿಲ್ಲ. ತನ್ನ ಪ್ರಶ್ನೆಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ ಎಂದು ದೊಡ್ಡವನಾದ ಮೇಲೂ ನೆನೆಯುತ್ತಿದ್ದ. (ಶಾಲೆ ತಪ್ಪಿಸಿದ ಭಾಗವನ್ನು ಮಾತ್ರ ನೀವು ಅನುಸರಿಸಬೇಡಿ, ನಿಮ್ಮ ಮೇಷ್ಟ್ರು ನನ್ನನ್ನು ಬೈದಾರು!) ಅವನಿಗೆ ಸುಮಾರು 13 ವರ್ಷವಾಗಿದ್ದಾಗ ತಂದೆ ತೀರಿಕೊಂಡರು.

ಜಾನ್‌ನ ಅಣ್ಣ ವಿಲಿಯಂ ಲಂಡನ್ನಿನಲ್ಲಿ ಹೆಸರಾಂತ ವೈದ್ಯ. ಮನುಷ್ಯನ ದೇಹರಚನೆಯನ್ನು ಕಲಿಸುವ ಶಾಲೆಯೊಂದನ್ನು ಆತ ನಡೆಸುತ್ತಿದ್ದ. 1748ರಲ್ಲಿ, 20ನೆಯ ವಯಸ್ಸಿನಲ್ಲಿ, ಜಾನ್ ಅಣ್ಣನ ಸಹಾಯಕ್ಕೆಂದು ಲಂಡನ್ನಿಗೆ ಬಂದ. ಪುಸ್ತಕ ಕಂಡರೆ ದೂರ ಓಡುತ್ತಿದ್ದ ಹುಡುಗನ ಕೈ ಶಸ್ತ್ರ ಹಿಡಿದಾಗ ಎಷ್ಟು ಚುರುಕೆಂಬುದು ಬೇಗನೆ ಎಲ್ಲರಿಗೂ ತಿಳಿಯಿತು. ಮೃತದೇಹಗಳನ್ನು ಕೊಯ್ದು ನರ, ಸ್ನಾಯು, ಮೂಳೆಗಳನ್ನು ಬಿಡಿಸಿ ತೋರಿಸುವುದರಲ್ಲಿ ಆತ ಅಣ್ಣನನ್ನೂ ಮೀರಿಸಿದ. ಆ ಕಾಲದಲ್ಲಿ ಇಂಥ ಶಾಲೆಗಳಿಗೆ ದೇಹಗಳು ಬರುತ್ತಿದ್ದುದು ಹೆಚ್ಚಾಗಿ ಸಮಾಧಿಗಳಿಂದ, ಅದೂ ರಾತ್ರಿ ಕದ್ದು ತಂದದ್ದು. ಬಡವರ ಸಮಾಧಿಗಳಿಗೆ ಕಾವಲು ಇರುತ್ತಿರಲಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮುಂದೆ ಹಂಟರ್ ಸೈನ್ಯದ ಶಸ್ತ್ರವೈದ್ಯರಾಗಿ ಫ್ರಾನ್ಸಿನ ಕರಾವಳಿಯ ದ್ವೀಪವೊಂದರಲ್ಲೂ ಪೋರ್ಚುಗಲ್ಲಿನಲ್ಲೂ ಕೆಲಸ ಮಾಡಿದರು. 1763ರಲ್ಲಿ ಯುದ್ಧ ಮುಗಿದು ಲಂಡನ್ನಿಗೆ ಮರಳಿದಾಗ ಕೈಯಲ್ಲಿ ಹಣವಿರಲಿಲ್ಲ. ಆಗ ಅವರು ಜೇಮ್ಸ್ ಸ್ಪೆನ್ಸ್ ಎಂಬ ದಂತವೈದ್ಯರ ಜೊತೆ ಸೇರಿದರು. ಹಲ್ಲು ಕೀಳುವುದನ್ನು ಆಗ ಕ್ಷೌರಿಕರು, ಕಮ್ಮಾರರು ಕೂಡ ಮಾಡುತ್ತಿದ್ದರು. ಕಲಿತ ಶಸ್ತ್ರವೈದ್ಯನೊಬ್ಬ ಆ ಕೆಲಸಕ್ಕೆ ಇಳಿಯುವುದೆಂದರೆ ಕೀಳು ಎಂದು ಭಾವಿಸುತ್ತಿದ್ದ ಕಾಲ ಅದು. ಹಂಟರ್ ಹಾಗೆ ಎಣಿಸಲಿಲ್ಲ. ನೂರಾರು ಬಾಯಿಗಳನ್ನು ನೋಡಿದರು, ದವಡೆಗಳನ್ನು ಸೀಳಿ ಒಳಗೆ ಹಲ್ಲು ಹೇಗೆ ಮೊಳೆಯುತ್ತದೆಂದು ಪರೀಕ್ಷಿಸಿದರು.

ಹಲ್ಲು ಹೇಗೆ ಬೆಳೆಯುತ್ತದೆಂದು ತಿಳಿಯಲು ಅವರು ಹೂಡಿದ ಉಪಾಯ ಕೇಳಿ. ಮಂಜಿಷ್ಠ ಎಂಬ ಗಿಡದ ಬೇರಿನಿಂದ ಕೆಂಪು ಬಣ್ಣ ಬರುತ್ತದೆ. ಆ ಜಾತಿಯ ಬೇರನ್ನು ಎಳೆಯ ಹಂದಿಗಳಿಗೆ ಕೆಲವು ವಾರ ತಿನ್ನಿಸಿದರು. ಆಮೇಲೆ ನೋಡಿದರೆ, ಬೇರು ತಿನ್ನುವ ಮೊದಲೇ ಆಗಿದ್ದ ಹಲ್ಲಿನ ಭಾಗ ಬೆಳ್ಳಗಿತ್ತು, ತಿನ್ನುತ್ತಿದ್ದಾಗ ಬೆಳೆದ ಭಾಗ ಕೆಂಪಾಗಿತ್ತು! ಹಲ್ಲು ಪದರ ಪದರವಾಗಿ ಕಟ್ಟಿಕೊಳ್ಳುತ್ತದೆ ಎಂಬುದು ಕಣ್ಣಿಗೇ ಕಾಣಿಸಿತು.

ಇಷ್ಟೆಲ್ಲ ನೋಡಿದ ಹಂಟರ್‌ಗೆ ಹಲ್ಲು ಬರೀ ಕಲ್ಲಿನ ಚೂರಲ್ಲ, ಅದಕ್ಕೂ ಜೀವವಿದೆ ಎನ್ನಿಸಿತು. ಜೀವವಿದ್ದರೆ ಅದು ಬೇರೆ ಜಾಗದಲ್ಲಿ ನಾಟಿಕೊಳ್ಳಬೇಕಲ್ಲವೇ? ಪರೀಕ್ಷಿಸಲು ಅವರು ಆರಿಸಿಕೊಂಡದ್ದು ಹುಂಜವನ್ನು. ನಿಮ್ಮ ಮನೆಯ ನಾಟಿ ಹುಂಜದ ಜುಟ್ಟನ್ನು ಮುಟ್ಟಿ ನೋಡಿ. ಮೃದುವಾಗಿ, ಬೆಚ್ಚಗೆ ಇರುತ್ತದೆ. ಅದರೊಳಗೆ ರಕ್ತ ಚೆನ್ನಾಗಿ ಹರಿಯುವುದರಿಂದಲೇ ಅದು ಅಷ್ಟು ಕೆಂಪು. ಹಂಟರ್ ಮನುಷ್ಯನ ಬಾಯಿಂದ ಆಗತಾನೆ ತೆಗೆದ, ಬೇರು ಇನ್ನೂ ಪೂರ್ತಿ ಬಲಿಯದ ಒಂದು ಹಲ್ಲನ್ನು ತೆಗೆದುಕೊಂಡರು. ಹುಂಜದ ಜುಟ್ಟನ್ನು ಸ್ವಲ್ಪ ಸೀಳಿ, ಹಲ್ಲಿನ ಬೇರನ್ನು ಅದರೊಳಗೆ ಕೂರಿಸಿ, ದಾರದಿಂದ ಬಿಗಿದು ಕಟ್ಟಿದರು.

ಕೆಲವು ತಿಂಗಳು ಹುಂಜ ತಲೆಯ ಮೇಲೆ ಮನುಷ್ಯನ ಹಲ್ಲನ್ನು ಹೊತ್ತು ಓಡಾಡಿತು! ಆಮೇಲೆ ಅದನ್ನು ಕೊಂದು, ರಕ್ತನಾಳಗಳಿಗೆ ಬಣ್ಣದ ದ್ರವ ತುಂಬಿ, ಜುಟ್ಟು ಮತ್ತು ಹಲ್ಲನ್ನು ಉದ್ದಕ್ಕೆ ಸೀಳಿ ನೋಡಿದರು. ಜುಟ್ಟಿನ ಮಾಂಸ ಹಲ್ಲಿನ ಬೇರಿಗೆ ಸುತ್ತಲೂ ಅಂಟಿಕೊಂಡಿತ್ತು. ಹಲ್ಲಿನ ಒಳಗಿನ ನಾಳಗಳಿಗೂ ಬಣ್ಣ ಇಳಿದಿತ್ತು ಎಂದು ಅವರು ಬರೆದಿದ್ದಾರೆ. ಒಂದು ಮಾತನ್ನು ಅವರು ಮುಚ್ಚಿಡಲಿಲ್ಲ. ಈ ಪ್ರಯೋಗವನ್ನು ಅವರು ಬಹಳ ಸಲ ಮಾಡಿದ್ದರು, ಗೆದ್ದದ್ದು ಒಂದೇ ಸಲ.

ಹಲವು ಸೋಲಿನ ನಡುವೆ ಒಂದು ಗೆಲುವು ಬಂದರೆ ನೀವೇನು ತೀರ್ಮಾನಿಸುತ್ತೀರಿ? ಇನ್ನೂ ಪರೀಕ್ಷಿಸಬೇಕು ಎನ್ನುತ್ತೀರಿ, ಅಲ್ಲವೇ? ಹಂಟರ್ ಆ ಒಂದು ಗೆಲುವನ್ನೇ ನೆಚ್ಚಿಕೊಂಡರು. 1771ರಲ್ಲಿ ಮನುಷ್ಯನ ಹಲ್ಲುಗಳ ಬಗ್ಗೆ ಅವರ ದೊಡ್ಡ ಪುಸ್ತಕ ಬಂತು, 1778ರಲ್ಲಿ ಹಲ್ಲಿನ ರೋಗಗಳ ಬಗ್ಗೆ ಇನ್ನೊಂದು. ಬಾಚಿಹಲ್ಲು, ಕೋರೆಹಲ್ಲು, ಮುಂದವಡೆ ಹಲ್ಲು, ದವಡೆ ಹಲ್ಲು ಎಂದು ನೀವು ಪಾಠದಲ್ಲಿ ಓದುವ ವಿಂಗಡಣೆಯನ್ನು ಚಿತ್ರಗಳ ಸಮೇತ ಸ್ಪಷ್ಟವಾಗಿ ತೋರಿಸಿದ ಪುಸ್ತಕ ಮೊದಲನೆಯದು. ಆದರೆ ಒಬ್ಬರ ಬಾಯಿಯ ಹಲ್ಲನ್ನು ಕಿತ್ತು ಇನ್ನೊಬ್ಬರ ಬಾಯಿಯಲ್ಲಿ ನೆಡಬಹುದು ಎಂಬ ಸಲಹೆಗೂ ಈ ಪುಸ್ತಕಗಳು ಬೆಂಬಲವಾದವು.

ಹಂಟರ್‌ಗಿಂತ ಮೊದಲೂ ಇದನ್ನು ಕೆಲವರು ಮಾಡುತ್ತಿದ್ದರು. ಅಷ್ಟು ದೊಡ್ಡ ಶಸ್ತ್ರವೈದ್ಯರೇ ಒಪ್ಪಿದ ಮೇಲೆ ಲಂಡನ್ನಿನ ಶ್ರೀಮಂತರಲ್ಲಿ ಇದೊಂದು ಹುಚ್ಚಾಗಿ ಹಬ್ಬಿತು. ಆಗ ಸಕ್ಕರೆ ತಿಂದು ಹಲ್ಲು ಹುಳುಕಾದವರು ಹೆಚ್ಚಾಗಿ ಹಣವಂತರೇ. ಅವರಿಗೆ ಹಲ್ಲು ಬೇಕು. ಕೊಡುವವರು ಯಾರು? ಹಸಿದವರು. ಒಂದು ಹಲ್ಲಿಗೆ ಇಷ್ಟು ಎಂದು ಕಾಸು ಕೊಟ್ಟು ಬಡ ಹುಡುಗ ಹುಡುಗಿಯರ ಹಲ್ಲು ಕೀಳುತ್ತಿದ್ದರು. ನೋವು ತಿಳಿಯದಂತೆ ಮಾಡುವ ಔಷಧಿ ಆಗ ಇರಲಿಲ್ಲ. ಕಿತ್ತ ಹಲ್ಲನ್ನು ಬಿಸಿ ಆರುವ ಮೊದಲೇ ಪಕ್ಕದಲ್ಲಿ ಕುಳಿತ ಶ್ರೀಮಂತರ ಬಾಯಿಯಲ್ಲಿಟ್ಟು, ಅಕ್ಕಪಕ್ಕದ ಹಲ್ಲಿಗೆ ರೇಷ್ಮೆ ದಾರದಿಂದ ಕಟ್ಟುತ್ತಿದ್ದರು. ಮೊದಲನೆಯವರ ಹಲ್ಲು ಸರಿಹೊಂದದಿದ್ದರೆ ಎಂದು ಹಲವರನ್ನು ಸಿದ್ಧವಾಗಿ ನಿಲ್ಲಿಸಿಕೊಂಡಿರಬೇಕೆಂದು ಹಂಟರ್ ಬರೆದರು. ಹಾಗೆ ಸಾಲಿನಲ್ಲಿ ನಿಂತವರಲ್ಲಿ ನಿಮ್ಮಷ್ಟೇ ವಯಸ್ಸಿನವರೂ ಇದ್ದರು. ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

1787ರಲ್ಲಿ ಥಾಮಸ್ ರೋಲಂಡ್‌ಸನ್ ಎಂಬ ಚಿತ್ರಕಾರ ಇದರ ಬಗ್ಗೆ ಒಂದು ವ್ಯಂಗ್ಯಚಿತ್ರ ಬರೆದ. ಅದರಲ್ಲಿ ಹೊಗೆಗೂಡು ಗುಡಿಸುವ ಮಸಿ ಮೆತ್ತಿದ ಹುಡುಗನ ಹಲ್ಲನ್ನು ಕೀಳುತ್ತಿದ್ದಾರೆ. ಅವನ ಪಕ್ಕದಲ್ಲಿ ಬೆಲೆಬಾಳುವ ಉಡುಗೆ ತೊಟ್ಟ ಹೆಂಗಸು ಕಾಯುತ್ತಿದ್ದಾಳೆ. ಬಾಗಿಲ ಬಳಿ ಹರಿದ ಬಟ್ಟೆಯ ಇಬ್ಬರು ಮಕ್ಕಳು ಕೆನ್ನೆ ಹಿಡಿದುಕೊಂಡು, ಕೈಯಲ್ಲಿ ಕಾಸು ನೋಡುತ್ತಾ ಹೊರಟಿದ್ದಾರೆ. ನೂರು ಪುಟದ ಪುಸ್ತಕ ಹೇಳದ್ದನ್ನು ಈ ಒಂದು ಚಿತ್ರ ಹೇಳುತ್ತದೆಂದು ನನಗೆ ಅನ್ನಿಸುತ್ತದೆ.

ಇಷ್ಟು ಮಾಡಿಯೂ ಆ ಹಲ್ಲುಗಳು ನಿಂತವೇ? ಕೆಲವು ತಿಂಗಳುಗಟ್ಟಲೆ, ಕೆಲವು ಒಂದೆರಡು ವರ್ಷ ನಿಂತವು. ಆಮೇಲೆ ಅಲುಗಾಡಿ ಬಿದ್ದುಹೋದವು. ಕಾರಣ ಈಗ ನಮಗೆ ಗೊತ್ತಿದೆ. ನಮ್ಮ ದೇಹ ತನ್ನದು ಯಾವುದು, ಬೇರೆಯವರದು ಯಾವುದು ಎಂದು ಗುರುತಿಸಬಲ್ಲದು. ಬೇರೆಯವರ ಹಲ್ಲಿನ ಬೇರನ್ನು ಅದು ನಿಧಾನವಾಗಿ ಕರಗಿಸಿಬಿಡುತ್ತದೆ. ಇನ್ನೂ ಕೆಟ್ಟದ್ದೆಂದರೆ, ಹಲ್ಲು ನೆಡಿಸಿಕೊಂಡ ಕೆಲವರಿಗೆ ಬಾಯಿಯಲ್ಲಿ ಹುಣ್ಣಾಗಿ ಘೋರ ಕಾಯಿಲೆ ಬಂತು. ಹಲ್ಲಿನ ಜೊತೆ ರೋಗವೂ ದಾಟುತ್ತಿದೆ ಎಂದು ಇತರ ವೈದ್ಯರು ಎಚ್ಚರಿಸಿದರು. ರೋಗಾಣುಗಳ ವಿಷಯ ಯಾರಿಗೂ ತಿಳಿಯದಿದ್ದ ಕಾಲ. ಹಂಟರ್ ಆ ಎಚ್ಚರಿಕೆಯನ್ನು ಒಪ್ಪಲಿಲ್ಲ, ಅದು ಬೇರೆಯೇ ಕಾಯಿಲೆ ಎಂದು ವಾದಿಸಿದರು. ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಜನರೇ ಹೆದರಿ ಇದನ್ನು ಬಿಟ್ಟರು.

ಇದೇ ಹಂಟರ್ ಅನೇಕ ಶಿಷ್ಯರನ್ನು ಬೆಳೆಸಿದರು. ಸುಮ್ಮನೆ ಊಹಿಸುತ್ತಾ ಕೂರದೆ ಪ್ರಯೋಗ ಮಾಡಿ ನೋಡಬೇಕೆಂದು ಅವರಿಗೆ ಕಲಿಸಿದರು. 1796ರಲ್ಲಿ ಸಿಡುಬಿಗೆ ಲಸಿಕೆ ಕಂಡುಹಿಡಿದ ಎಡ್ವರ್ಡ್ ಜೆನ್ನರ್ ಅವರ ಶಿಷ್ಯ. ಗಳಿಸಿದ ಹಣವನ್ನೆಲ್ಲ ಹಂಟರ್ ಪ್ರಾಣಿಗಳ, ಮನುಷ್ಯರ ಅಂಗಾಂಗಗಳ ಸಂಗ್ರಹಕ್ಕೆ ಸುರಿದರು. ಸುಮಾರು 14,000 ಮಾದರಿಗಳು ಸೇರಿದವು. 1793ರ ಅಕ್ಟೋಬರ್ 16ರಂದು ತಾವು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಸಭೆಯಲ್ಲಿ ಬಿಸಿಬಿಸಿ ಚರ್ಚೆ ನಡೆದಾಗ, ಬಹಳ ಕಾಲದಿಂದ ಕಾಡುತ್ತಿದ್ದ ಎದೆನೋವು ಬಂದು ಅವರು ಕುಸಿದು ತೀರಿಕೊಂಡರು. ಎರಡನೆಯ ಮಹಾಯುದ್ಧದಲ್ಲಿ, 1941ರಲ್ಲಿ, ಬಾಂಬು ಬಿದ್ದು ಅವರ ಸಂಗ್ರಹದ ಬಹುಪಾಲು ನಾಶವಾಯಿತು. ಆದರೆ ಹಲ್ಲು ನೆಟ್ಟ ಆ ಹುಂಜದ ಜುಟ್ಟು ಉಳಿದುಕೊಂಡಿತು. ಲಂಡನ್ನಿನ ಹಂಟೇರಿಯನ್ ವಸ್ತುಸಂಗ್ರಹಾಲಯದಲ್ಲಿ ಅದು ಇದೆ.

ಇನ್ನೊಬ್ಬರ ಹಲ್ಲು ಕೀಳದೆಯೇ ಹೋದ ಹಲ್ಲನ್ನು ಗಟ್ಟಿಯಾಗಿ ಕೂರಿಸುವ ದಾರಿ ಸಿಕ್ಕಿದ್ದು ಹಂಟರ್ ಸತ್ತು ಒಂದೂವರೆ ಶತಮಾನ ಕಳೆದ ಮೇಲೆ, ಅದೂ ಆಕಸ್ಮಿಕವಾಗಿ. 1952ರಲ್ಲಿ ಸ್ವೀಡನ್ನಿನ ಪೆರ್ ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವಿಜ್ಞಾನಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹರಿಯುವುದನ್ನು ನೋಡಲು ಟೈಟಾನಿಯಂ ಲೋಹದ ಪುಟ್ಟ ಕೊಳವೆಯನ್ನು ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ಅದನ್ನು ತೆಗೆಯಲು ಹೋದರೆ ಬರಲೊಲ್ಲದು! ಮೂಳೆ ಲೋಹವನ್ನು ಬಿಗಿಯಾಗಿ ಹಿಡಿದುಕೊಂಡು ಬೆಳೆದಿತ್ತು. ಟೈಟಾನಿಯಂ ಮೇಲೆ ತಾನಾಗಿ ಮೂಡುವ ತೆಳುವಾದ ಆಕ್ಸೈಡ್ ಪದರವನ್ನು ದೇಹ ಶತ್ರುವೆಂದು ಎಣಿಸುವುದಿಲ್ಲ. 1965ರಲ್ಲಿ ಅವರು ಮೊದಲ ಸಲ ಮನುಷ್ಯನ ದವಡೆಗೆ ಟೈಟಾನಿಯಂ ತಿರುಪುಗಳನ್ನು ಕೂರಿಸಿದರು. ಇದೇ ಇಂದಿನ ಡೆಂಟಲ್ ಇಂಪ್ಲಾಂಟ್. ದವಡೆಯ ಮೂಳೆಯಲ್ಲಿ ತಿರುಪು ಬೇರಿನಂತೆ ಕೂರುತ್ತದೆ. ಮೂಳೆ ಅದನ್ನು ಹಿಡಿದುಕೊಳ್ಳಲು ಸಾಮಾನ್ಯವಾಗಿ ಕೆಲವು ತಿಂಗಳು ಬೇಕು. ಆಮೇಲೆ ಅದರ ಮೇಲೆ ಹಲ್ಲಿನ ಆಕಾರದ ತಲೆ ಕೂರಿಸುತ್ತಾರೆ. ಬೀಡಿ, ಸಿಗರೇಟು ಸೇದುವವರಲ್ಲಿ ಇದು ಸೋಲುವುದು ಹೆಚ್ಚು. ದವಡೆ ಇನ್ನೂ ಬೆಳೆಯುತ್ತಿರುವ ನಿಮ್ಮಂಥ ಮಕ್ಕಳಿಗೆ ಸಾಮಾನ್ಯವಾಗಿ ಇದನ್ನು ಹಾಕುವುದಿಲ್ಲ.

ಹಾಗಾದರೆ ಕಬಡ್ಡಿ ಆಡುವಾಗಲೋ ಸೈಕಲ್ಲಿನಿಂದ ಬಿದ್ದೋ ನಿಮ್ಮ ಶಾಶ್ವತ ಹಲ್ಲು ಬೇರುಸಮೇತ ಕಳಚಿ ಬಂದರೆ? ಇಲ್ಲಿ ಹಂಟರ್ ಹೇಳಿದ ಇನ್ನೊಂದು ಮಾತು ಇಂದಿಗೂ ನಿಂತಿದೆ. ಪೆಟ್ಟು ಬಿದ್ದು ಕಳಚಿದ ಹಲ್ಲನ್ನು ಅದೇ ಬಾಯಿಗೆ, ಅದೇ ಕುಳಿಗೆ ಆದಷ್ಟು ಬೇಗ ಮರಳಿ ಕೂರಿಸಬೇಕೆಂದು ಅವರು ಬರೆದಿದ್ದರು. ಅದು ನಿಮ್ಮದೇ ಹಲ್ಲಾದ್ದರಿಂದ ದೇಹ ಅದನ್ನು ಪರಕೀಯವೆಂದು ಭಾವಿಸುವುದಿಲ್ಲ.

ಹಲ್ಲನ್ನು ಹುಡುಕಿ, ಬಾಯಲ್ಲಿ ಕಾಣುವ ಬಿಳಿಯ ಭಾಗವನ್ನು ಮಾತ್ರ ಹಿಡಿದು ಎತ್ತಿಕೊಳ್ಳಿ. ಬೇರನ್ನು ಮುಟ್ಟಬೇಡಿ, ಉಜ್ಜಬೇಡಿ. ಬೇರಿನ ಮೇಲಿನ ಕಣ್ಣಿಗೆ ಕಾಣದ ಜೀವಕೋಶಗಳು ಬದುಕಿದ್ದರೆ ಮಾತ್ರ ಹಲ್ಲು ಮತ್ತೆ ಅಂಟಿಕೊಳ್ಳುತ್ತದೆ. ಮಣ್ಣಾಗಿದ್ದರೆ ಹಾಲಿನಲ್ಲೋ ಶುದ್ಧ ನೀರಿನಲ್ಲೋ ಒಮ್ಮೆ ಅದ್ದಿ ತೆಗೆಯಿರಿ. ಕೂಡಲೇ ಮೇಷ್ಟ್ರಿಗೆ ತಿಳಿಸಿ. ಸಾಧ್ಯವಾದರೆ ದೊಡ್ಡವರು ಅದನ್ನು ಆಗಲೇ ಕುಳಿಯಲ್ಲಿ ಕೂರಿಸಬಹುದು. ಆಗದಿದ್ದರೆ ಒಂದು ಲೋಟ ತಣ್ಣನೆಯ ಹಾಲಿನಲ್ಲಿ ಹಾಕಿಕೊಂಡು ಹೊರಡಿ. ಬರೀ ನೀರಿನಲ್ಲಿ ಆ ಜೀವಕೋಶಗಳು ಉಬ್ಬಿ ಒಡೆಯುತ್ತವೆ, ಹಾಲಿನಲ್ಲಿ ಕೆಲವು ಗಂಟೆ ಬದುಕಿರುತ್ತವೆ. ನಮ್ಮದು ಹಾಲಿನ ಜಿಲ್ಲೆ, ಲೋಟ ಹಾಲಿಗೆ ಬರವಿಲ್ಲ. ಒಂದು ಗಂಟೆಯೊಳಗೆ ದಂತವೈದ್ಯರ ಮುಂದೆ ಇದ್ದರೆ ಒಳ್ಳೆಯದು, ಅರ್ಧ ಗಂಟೆಯಾದರೆ ಇನ್ನೂ ಒಳ್ಳೆಯದು. ಮಾಸ್ತಿಯಿಂದ ಮಾಲೂರಿಗೆ ಹೋಗಬೇಕಲ್ಲ, ಅದಕ್ಕೇ ಬಸ್ಸಿಗೆ ಕಾಯುತ್ತಾ ಕೂರದೆ ಯಾರದಾದರೂ ಬೈಕು ಹತ್ತಿ.

ಬಿದ್ದದ್ದು ಹಾಲುಹಲ್ಲಾದರೆ ಅದನ್ನು ಮರಳಿ ಕೂರಿಸಬಾರದು, ಕೆಳಗೆ ಬೆಳೆಯುತ್ತಿರುವ ಹಲ್ಲಿಗೆ ಪೆಟ್ಟಾಗುತ್ತದೆ. ಬಾಯಿಗೆ ಗಾಯವಾಗಿದ್ದರೆ ವೈದ್ಯರಿಗೆ ತೋರಿಸಿ. ಹಲ್ಲನ್ನು ಬೇಕಾದರೆ ಮಾಳಿಗೆಯ ಮೇಲೆ ಎಸೆಯಿರಿ.