ಅದುರಿ ಅದುರಿ ಕಬ್ಬಿಣ ಹರಳುಗಟ್ಟಿ ಮುರಿಯುತ್ತದೆಯೇ? ಉತ್ತರಕ್ಕಾಗಿ ಆಕ್ಸಲ್ ತಿರುಗಿಸಿದ ಆಗಸ್ಟ್ ವೋಲರ್

ಟ್ರೇಲರಿನ ಆಕ್ಸಲ್ ತುಂಡಾದರೆ ಓವರ್‌ಲೋಡ್ ಎನ್ನುತ್ತೇವೆ. ಹರವೆ ಕಡೆಯ ಬಾಳೆ, ಅರಿಶಿನದ ಹೊಲದಲ್ಲಿ ಬೋರ್‌ವೆಲ್ ಪೈಪು ಸೀಳಿದರೆ ಮಾಲು ಸರಿಯಿಲ್ಲ ಎನ್ನುತ್ತೇವೆ. ಕೆಲವೊಮ್ಮೆ ನಿಜವೂ ಹೌದು. ಆದರೆ ಭಾರ ಮಿತಿಯಲ್ಲಿದ್ದು, ಮಾಲೂ ಚೆನ್ನಾಗಿದ್ದು ಮುರಿಯುವುದುಂಟು. ಇದನ್ನು ಅಳೆದು ತೋರಿಸಿದವರು ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್.

1819ರಲ್ಲಿ ಸೋಲ್ಟೌ ಎಂಬ ಊರಿನಲ್ಲಿ ಹುಟ್ಟಿದ ವೋಲರ್, ಹ್ಯಾನೋವರ್‌ನಲ್ಲಿ ಓದಿ ಬರ್ಲಿನ್ನಿನ ಬೋರ್ಸಿಗ್ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ಅವರ ಯೌವನದಲ್ಲೇ, 1842ರ ಮೇ 8ರಂದು, ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಹೊರಟ ರೈಲಿನ ಎಂಜಿನ್ ಆಕ್ಸಲ್ ಮುರಿಯಿತು. ಬೋಗಿಗಳಿಗೆ ಬೀಗ ಹಾಕಿತ್ತು. ಬೆಂಕಿಯಲ್ಲಿ 50ಕ್ಕೂ ಹೆಚ್ಚು ಜನ ಸತ್ತರು.

ಅದುರಿ ಅದುರಿ ಕಬ್ಬಿಣದ ನಾರು ಹೋಗಿ ಹರಳುಗಟ್ಟುತ್ತದೆ ಎಂಬ ಮಾತು ಆಗ ಬಲವಾಗಿತ್ತು. ಮುರಿದ ಜಾಗ ಹರಳಿನಂತೆ ಹೊಳೆಯುತ್ತಿದ್ದುದೇ ಸಾಕ್ಷಿ. ವಾಟ್ಸ್‌ಆ್ಯಪ್ ಇಲ್ಲದ ಕಾಲದ ಫಾರ್ವರ್ಡ್ ಎನ್ನೋಣ.

1847ರಲ್ಲಿ ಸೈಲೀಷಿಯದ ರೈಲ್ವೆಯೊಂದರ ಎಂಜಿನ್, ಬೋಗಿಗಳ ಹೊಣೆ ವೋಲರ್‌ಗೆ ಬಂತು. ಅವರು ವಾದಕ್ಕಿಳಿಯಲಿಲ್ಲ, ಅಳೆದರು. ಓಡುವ ಬೋಗಿಯ ಆಕ್ಸಲ್ ಎಷ್ಟು ಬಾಗುತ್ತದೆಂದು ಗೀರು ಹಾಕಿ ದಾಖಲಿಸುವ ಸಾಧನವನ್ನು ತಾವೇ ಮಾಡಿಕೊಂಡರು. ಗಾಲಿಯ ಒಂದು ಸುತ್ತಿನಲ್ಲಿ ಆಕ್ಸಲಿನ ಒಂದೇ ಜಾಗ ಒಮ್ಮೆ ಎಳೆಯಲ್ಪಟ್ಟು, ಒಮ್ಮೆ ಅದುಮಲ್ಪಡುತ್ತದೆ. ಮುಂದೆ ಯಂತ್ರ ಕಟ್ಟಿ, ಸ್ಪ್ರಿಂಗಿನಿಂದ ಬಾಗಿಸಿದ ಕಬ್ಬಿಣ, ಉಕ್ಕಿನ ತುಂಡುಗಳನ್ನು ಮುರಿಯುವವರೆಗೆ ಲಕ್ಷಾಂತರ ಸುತ್ತು ತಿರುಗಿಸಿದರು. ಹತ್ತು ವರ್ಷಕ್ಕೂ ಮಿಕ್ಕಿ ಇದೇ ಕೆಲಸ!

ಸಿಕ್ಕ ಉತ್ತರ: ಒಂದೇ ಏಟಿಗೆ ಮುರಿಯಲು ಬೇಕಾದುದಕ್ಕಿಂತ ಬಹಳ ಕಡಿಮೆ ಹೊರೆಯೂ ಮತ್ತೆ ಮತ್ತೆ ಬಿದ್ದರೆ ಲೋಹವನ್ನು ಮುರಿಯುತ್ತದೆ. ಒಳಗಿನ ಸ್ಟ್ರೆಸ್ ಅತಿ ಹೆಚ್ಚೆಂದರೆ ಎಷ್ಟು ಎನ್ನುವುದಕ್ಕಿಂತ, ಹೆಚ್ಚು-ಕಡಿಮೆಯ ನಡುವಿನ ಅಂತರ ಎಷ್ಟು, ಎಷ್ಟು ಸಲ ಎನ್ನುವುದು ಮುಖ್ಯ. ಸದಾ 90ರಿಂದ 100ರೊಳಗೆ ಆಡುವ ಎಳೆತಕ್ಕಿಂತ, 40ರ ಎಳೆತದಿಂದ 40ರ ಅದುಮುವಿಕೆಗೆ ತಿರುಗುವುದು ಸಾಮಾನ್ಯವಾಗಿ ಹೆಚ್ಚು ಅಪಾಯಕಾರಿ. ದಪ್ಪ ತಟ್ಟನೆ ಬದಲಾಗುವ ಮೂಲೆಯಲ್ಲೇ ಬಿರುಕು ಹುಟ್ಟುತ್ತದೆಂದೂ ಅವರು ಕಂಡರು. ಮೋಟಾರ್ ಆನ್-ಆಫ್ ಆದಾಗಲೆಲ್ಲ ಅಲುಗುವ ಪೈಪು ಕ್ಲ್ಯಾಂಪಿನ ಪಕ್ಕದಲ್ಲೇ ಸೀಳುವುದಕ್ಕೂ ಇಂಥದ್ದೇ ಕಾರಣವಿರುತ್ತದೆ: ಬಿಗಿದ ಜಾಗ ಬಾಗದು, ಪಕ್ಕದ್ದೇ ಎಲ್ಲವನ್ನೂ ತಾಳಬೇಕು.

ಸಮುದ್ರದ ತಳದಿಂದ ತೈಲ ತರುವ, ಬಾಗುವ ಪೈಪುಗಳಿಗೂ ಈ ಲೆಕ್ಕವೇ. ಅವುಗಳಲ್ಲಿ ಪ್ಲಾಸ್ಟಿಕ್ ಕೊಳವೆಯ ಸುತ್ತ ಉಕ್ಕಿನ ತಂತಿಗಳನ್ನು ಪದರ ಪದರವಾಗಿ ಸುತ್ತಿರುತ್ತಾರೆ. ಪ್ರತಿ ಅಲೆಗೂ ಪೈಪು ಬಾಗಿ, ತಂತಿಗಳು ಜಾರಿ ಉಜ್ಜುತ್ತವೆ. ಕಂಪ್ಯೂಟರ್ ಕೊಡುವ ಅತಿ ದೊಡ್ಡ ಅಂಕಿಯೊಂದನ್ನೇ ಎತ್ತಿಕೊಂಡರೆ ಪೈಪಿನ ಆಯಸ್ಸು ತಿಳಿಯದು. ಪೈಪಿನ ಸುತ್ತ ಹಲವು ಕಡೆ, ತಂತಿಯ ಮೂಲೆ ಮೂಲೆಯಲ್ಲಿ, ಸ್ಟ್ರೆಸ್ ಏರಿಳಿತವನ್ನು ತೆಗೆದು, ಅಂತರಗಳನ್ನು ಎಣಿಸಿ, ವೋಲರ್ ಮಾದರಿಯ ಪರೀಕ್ಷೆಯ ರೇಖೆಗೆ ಹೋಲಿಸಬೇಕು. ನಮ್ಮ ಬೆಂಗಳೂರಿನ ಎನ್‌ಎಎಲ್‌ನಲ್ಲೂ ವಿಮಾನದ ಭಾಗಗಳಿಗೆ ದಣಿವಿನ ಪರೀಕ್ಷೆ ನಡೆಯುತ್ತದೆ.

ಹಾಗಾದರೆ ಹರಳು? ಕಬ್ಬಿಣ ಮೊದಲಿನಿಂದಲೂ ಸಣ್ಣ ಹರಳುಗಳದ್ದೇ. 1903ರಲ್ಲಿ ಬ್ರಿಟನ್ನಿನ ಯೂಯಿಂಗ್ ಮತ್ತು ಹಂಫ್ರಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಆ ಹರಳುಗಳೊಳಗೆ ಜಾರುಗೆರೆಗಳು ಮೂಡಿ, ಅವೇ ಬಿರುಕಾಗುವುದು ಕಂಡಿತು.

ಆ ವೇಳೆಗೆ ವೋಲರ್ ನಿವೃತ್ತರು. 1870ರಲ್ಲಿ ಪ್ರಯೋಗಗಳ ಕೊನೆಯ ವರದಿ ಕೊಟ್ಟು, ಸ್ಟ್ರಾಸ್‌ಬರ್ಗ್‌ನ ರೈಲ್ವೆಯಲ್ಲಿ 1889ರವರೆಗೆ ದುಡಿದಿದ್ದರು. 1914ರಲ್ಲಿ ಹ್ಯಾನೋವರ್‌ನಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಇಂದು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಓದುವ ವೋಲರ್ ರೇಖೆಯನ್ನು ಅವರು ಎಳೆದಿರಲಿಲ್ಲ. ಅವರು ಬಿಟ್ಟುಹೋದದ್ದು ಅಂಕಿಗಳ ಕೋಷ್ಟಕ.