ಪೀಣ್ಯದ ಶೆಡ್ಡುಗಳು ಮತ್ತು ಪ್ರೊ. ಧವನ್

ಪೀಣ್ಯ ಎಂದೊಡನೆ ನಮಗೆ ನೆನಪಾಗುವುದು ಲೇತ್ ಯಂತ್ರಗಳ ಸದ್ದು, ಗುಂಡಿ ಬಿದ್ದ ರಸ್ತೆಗಳು, ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಕಾರ್ಮಿಕರು. ಭಾರತದ ಮೊದಲ ಉಪಗ್ರಹ ‘ಆರ್ಯಭಟ’ ಸಿದ್ಧವಾದದ್ದು ಇಲ್ಲಿನ ಆಸ್ಬೆಸ್ಟಾಸ್ ಶೀಟಿನ ಕೆಲವು ಶೆಡ್ಡುಗಳಲ್ಲಿ ಎಂಬ ಸಂಗತಿ ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳಲ್ಲಿ ದುಡಿಯುವ ಅನೇಕ ಯುವಕರಿಗೆ ತಿಳಿದಿರಲಾರದು. ಉಡುಪಿ ಬಳಿಯ ಅದಮಾರಿನವರಾದ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಅಲ್ಲಿ ರೂಪುಗೊಂಡ 360 ಕಿಲೋಗ್ರಾಂ ತೂಕದ ಆ ಉಪಗ್ರಹವನ್ನು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಕಕ್ಷೆಗೆ ಒಯ್ದಿತು. ಆಗ ಇಸ್ರೊದ ಅಧ್ಯಕ್ಷರಾಗಿದ್ದವರು ಪ್ರೊ. ಸತೀಶ್ ಧವನ್. ಸಾಫ್ಟ್‌ವೇರ್ ವೃತ್ತಿಯ ನೀತಿಸಂಹಿತೆಯ ಬಗ್ಗೆ ಎಲ್ಲೇ ಚರ್ಚೆ ನಡೆದರೂ ನನಗೆ ನೆನಪಾಗುವುದು ಕಂಪ್ಯೂಟರ್ ತಜ್ಞರಲ್ಲದ ಈ ಮನುಷ್ಯ.

ಧವನ್ ಹುಟ್ಟಿದ್ದು 1920ರ ಸೆಪ್ಟೆಂಬರ್ 25ರಂದು, ಶ್ರೀನಗರದಲ್ಲಿ. ಲಾಹೋರಿನಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿ, ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿ, ಅನಂತರ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿಯನ್ನೂ ಪಡೆದರು. (ಅರ್ಥಶಾಸ್ತ್ರ ಓದಿ ಕಡತಗಳ ನಡುವೆ ಕಾಲ ಕಳೆದ ನನ್ನಂಥವನಿಗೆ ಈ ಬೆರಕೆ ವಿದ್ಯಾಭ್ಯಾಸ ಕಂಡರೆ ಏನೋ ಸಮಾಧಾನ.) ಅಮೆರಿಕದ ಮಿನ್ನೆಸೋಟಾದಲ್ಲಿ ಓದಿ, ಕ್ಯಾಲ್ಟೆಕ್‌ನಲ್ಲಿ ಹಾನ್ಸ್ ಲೀಪ್‌ಮನ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಗಳಿಸಿ, 1951ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಸೇರಿದರು. 1962ರಲ್ಲಿ ಅದರ ನಿರ್ದೇಶಕರಾದರು. 1981ರವರೆಗೂ ಆ ಹುದ್ದೆಯಲ್ಲಿದ್ದರು.

1971ರ ಡಿಸೆಂಬರ್ 30ರಂದು ವಿಕ್ರಂ ಸಾರಾಭಾಯಿ ಹಠಾತ್ತನೆ ತೀರಿಕೊಂಡಾಗ ಧವನ್ ಕ್ಯಾಲ್ಟೆಕ್‌ನಲ್ಲಿ ಪಾಠ ಹೇಳುತ್ತಿದ್ದರು. ಪ್ರಧಾನಿ ಇಂದಿರಾ ಗಾಂಧಿ ಅವರಿಂದ ಕರೆ ಬಂತು. ಅವರು ಕೂಡಲೇ ಹೊರಟು ಬರಲಿಲ್ಲ. ಒಪ್ಪಿಕೊಂಡ ಅಲ್ಲಿನ ಕೆಲಸ ಮುಗಿಸಿ ಬರುವುದಾಗಿ ತಿಳಿಸಿದರು. ಇಸ್ರೊದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು, ತಾವು ಸಂಸ್ಥೆಯ ನಿರ್ದೇಶಕರಾಗಿಯೂ ಮುಂದುವರಿಯಬೇಕು ಎಂಬ ಎರಡು ಷರತ್ತು ಇಟ್ಟರು. ಎರಡಕ್ಕೂ ಒಪ್ಪಿಗೆ ದೊರೆಯಿತು. ಪ್ರಧಾನಿಗೆ ಷರತ್ತು ಹಾಕುವ ಅಧಿಕಾರಿಯನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡದ್ದಿಲ್ಲ. ಮಂತ್ರಿಗೆ ಹಾಕಿದವರೇ ವಿರಳ.

ಇನ್ನು 1979ರ ಆಗಸ್ಟ್ 10ಕ್ಕೆ ಬರೋಣ. ಅಂದು ಶ್ರೀಹರಿಕೋಟಾದಲ್ಲಿ ಎಸ್‌ಎಲ್‌ವಿ-3 ರಾಕೆಟ್ಟಿನ ಮೊದಲ ಪ್ರಾಯೋಗಿಕ ಹಾರಾಟ. ಯೋಜನೆಯ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಉಡಾವಣೆಗೆ ಕೆಲವೇ ನಿಮಿಷ ಉಳಿದಿದ್ದಾಗ ತಪಾಸಣೆಯ ಕಂಪ್ಯೂಟರ್ ಎಣಿಕೆಯನ್ನು ತಡೆಹಿಡಿಯಿತು. ನಿಯಂತ್ರಣ ವ್ಯವಸ್ಥೆಯಲ್ಲಿ ಏನೋ ಸರಿಯಿಲ್ಲವೆಂದು ಪರದೆ ಸೂಚಿಸಿತು. ಜೊತೆಗಿದ್ದ ತಜ್ಞರು ತಮ್ಮ ಲೆಕ್ಕ ನೋಡಿ, ಇಂಧನದ ದಾಸ್ತಾನು ಸಾಕಷ್ಟಿದೆ, ಮುಂದುವರಿಯಬಹುದು ಎಂದರು. ಕಲಾಂ ಕಂಪ್ಯೂಟರನ್ನು ಬದಿಗಿಟ್ಟು ಉಡಾವಣೆಗೆ ಅನುಮತಿ ನೀಡಿದರು. ಮೊದಲ ಹಂತ ಸರಿಯಾಗಿಯೇ ಉರಿಯಿತು. ಎರಡನೆಯ ಹಂತದಲ್ಲಿ ರಾಕೆಟ್ ಹಿಡಿತ ತಪ್ಪಿ ಬಂಗಾಳ ಕೊಲ್ಲಿಗೆ ಬಿತ್ತು. ನಿಯಂತ್ರಣ ವ್ಯವಸ್ಥೆಯ ಆಮ್ಲ ಸೋರಿಹೋಗಿತ್ತು.

ಯಂತ್ರ ಎಚ್ಚರಿಸಿತ್ತು, ಮನುಷ್ಯರು ಮೀರಿದ್ದರು. ತಪ್ಪಿತಸ್ಥರನ್ನು ಹುಡುಕಲು ಇದಕ್ಕಿಂತ ಸುಲಭದ ಪ್ರಕರಣ ಬೇರೊಂದಿಲ್ಲ. ಆದರೆ ಧವನ್ ಪತ್ರಕರ್ತರ ಎದುರು ತಾವೇ ಕುಳಿತು, ವೈಫಲ್ಯದ ಹೊಣೆಯನ್ನು ಸಂಸ್ಥೆಯ ಮುಖ್ಯಸ್ಥರಾದ ತಮ್ಮ ಮೇಲೆ ಹೊತ್ತುಕೊಂಡರು. ಕಿರಿಯರ ಮೇಲೆ ತಮಗೆ ನಂಬಿಕೆಯಿದೆ, ಮುಂದಿನ ಸಲ ಅವರು ಗೆಲ್ಲುತ್ತಾರೆ ಎಂಬರ್ಥದ ಮಾತಾಡಿದರು. ವೈಫಲ್ಯದ ಕಾರಣವನ್ನು ಸಮಿತಿ ಶೋಧಿಸಿತು, ದೋಷ ತಿದ್ದಲಾಯಿತು. 1980ರ ಜುಲೈ 18ರಂದು ಅದೇ ಮಾದರಿಯ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ, ಪತ್ರಿಕಾಗೋಷ್ಠಿ ನಡೆಸಲು ಧವನ್ ಕಲಾಂ ಅವರನ್ನು ಮುಂದೆ ಮಾಡಿದರು. ಈ ವೃತ್ತಾಂತವನ್ನು ಕಲಾಂ ತಮ್ಮ ಜೀವಮಾನದುದ್ದಕ್ಕೂ ಸಭೆಗಳಲ್ಲಿ ಹೇಳುತ್ತಿದ್ದರು. ನಾನು ಕೇಳಿದ್ದೂ ಹಾಗೆಯೇ, ಒಂದು ಸಭೆಯ ಹಿಂದಿನ ಸಾಲಿನಲ್ಲಿ ಕುಳಿತು. ಆ ಸಂಜೆ ನನಗೆ ತಲೆಯೆತ್ತಲಾಗಲಿಲ್ಲ.

ಕಾರಣವಿತ್ತು. ಅದಕ್ಕೆ ಒಂದೆರಡು ವರ್ಷಗಳ ಹಿಂದೆ, ನಾನಿದ್ದ ಇಲಾಖೆ ವೃದ್ಧಾಪ್ಯ ಮತ್ತು ವಿಧವಾ ವೇತನದ ಪಟ್ಟಿಗಳನ್ನು ಹೊಸ ಕಂಪ್ಯೂಟರ್ ವ್ಯವಸ್ಥೆಗೆ ವರ್ಗಾಯಿಸುತ್ತಿತ್ತು. ಕೆಲಸ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯದು. ಉದ್ಘಾಟನೆಗೆ ಒಂದು ವಾರವಿರುವಾಗ ನಡೆದ ಸಭೆಯಲ್ಲಿ ಒಬ್ಬ ಯುವ ಎಂಜಿನಿಯರ್ ಎದ್ದು ನಿಂತರು. ಲಕ್ಷ್ಮಮ್ಮ ಎಂಬ ಒಂದೇ ಹೆಸರನ್ನು ಬ್ಯಾಂಕಿನವರು ಒಂದು ರೀತಿ, ನಮ್ಮ ನಾಡಕಚೇರಿಯವರು ಇನ್ನೊಂದು ರೀತಿ ಇಂಗ್ಲಿಷಿನಲ್ಲಿ ಬರೆದಿದ್ದರೆ ಆಕೆ ಪಟ್ಟಿಯಿಂದ ಬಿದ್ದುಹೋಗುತ್ತಾಳೆ, ಸರಿಪಡಿಸಲು ಇನ್ನೆರಡು ವಾರ ಬೇಕು ಎಂದು ವಿವರಿಸಿದರು. ಮಂತ್ರಿಗಳ ದಿನಾಂಕ ನಿಗದಿಯಾಗಿತ್ತು. ನಾನು ಆತನಿಗೆ ಉತ್ತರಿಸದೆ ಆತನ ಮ್ಯಾನೇಜರ್ ಕಡೆ ನೋಡಿದೆ. ಮ್ಯಾನೇಜರ್ ಆತನತ್ತ ನೋಡಿದರು. ಆತ ಕುಳಿತರು.

ಮುಂದಿನ ತಿಂಗಳು ಅನೇಕ ಮುದುಕಿಯರಿಗೆ ಹಣ ಬರಲಿಲ್ಲ. ನಾನು ಕಡತದಲ್ಲಿ ‘ತಾಂತ್ರಿಕ ದೋಷ’ ಎಂದು ಬರೆದು ಕಂಪನಿಯಿಂದ ವಿವರಣೆ ಕೇಳಿದೆ. ಕಂಪನಿ ಆ ಎಂಜಿನಿಯರನ್ನೇ ಯೋಜನೆಯಿಂದ ತೆಗೆದು ನಮಗೆ ತಿಳಿಸಿತು. ಬಾಕಿ ಹಣ ನಾಲ್ಕು ತಿಂಗಳ ನಂತರ ಪಾವತಿಯಾಯಿತು. ನನ್ನ ಹೊಣೆಯ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕಂಪ್ಯೂಟರ್ ವೃತ್ತಿಗೆ ಲಿಖಿತ ನೀತಿಸಂಹಿತೆಗಳಿಲ್ಲವೆಂದಲ್ಲ. ಅಮೆರಿಕದ ಎಸಿಎಂ ಸಂಸ್ಥೆ ತನ್ನ ಸಂಹಿತೆಯನ್ನು 1972ರಲ್ಲಿ ಅಂಗೀಕರಿಸಿ, 1992ರಲ್ಲೂ 2018ರಲ್ಲೂ ಪರಿಷ್ಕರಿಸಿತು. ಸಾಫ್ಟ್‌ವೇರ್ ಎಂಜಿನಿಯರುಗಳಿಗೆಂದೇ 1999ರಲ್ಲಿ ಇನ್ನೊಂದು ಬಂತು. ಸುರಕ್ಷಿತವೆಂಬ ಖಚಿತ ನಂಬಿಕೆಯಿಲ್ಲದ ತಂತ್ರಾಂಶಕ್ಕೆ ಒಪ್ಪಿಗೆ ಕೊಡಬಾರದೆಂಬುದು ಅದರ ಅಂಶಗಳಲ್ಲೊಂದು. ಆ ಯುವಕ ಮಾಡಲು ಹೊರಟದ್ದು ಅದನ್ನೇ. ನಮ್ಮಲ್ಲಿ 1965ರಿಂದ ಕಂಪ್ಯೂಟರ್ ಸೊಸೈಟಿ ಆಫ್ ಇಂಡಿಯಾ ಇದೆ, ಆದರೆ ಅದರ ಸದಸ್ಯತ್ವ ಐಚ್ಛಿಕ. ಲೆಕ್ಕಪರಿಶೋಧಕರಿಗೆ 1949ರ ಕಾಯ್ದೆಯಿದೆ, ವಕೀಲರಿಗೆ 1961ರ ಕಾಯ್ದೆಯಿದೆ. ತಪ್ಪು ಮಾಡಿದವರ ಸನ್ನದು ಹೋಗಬಹುದು. ತಂತ್ರಾಂಶ ಬರೆಯುವವರಿಗೆ ಸನ್ನದೇ ಇಲ್ಲ. ಹೀಗಾಗಿ ಸಭೆಯಲ್ಲಿ ಬೇಡ ಎನ್ನುವ ಎಂಜಿನಿಯರಿಗೆ ಬೆನ್ನಿಗೆ ನಿಲ್ಲುವ ಕಾನೂನುಬದ್ಧ ಮಂಡಳಿಯೂ ಇಲ್ಲ.

ಹಿರಿಯರು ಯಂತ್ರದ ಮರೆಯಲ್ಲಿ ನಿಂತರೆ ಏನಾಗುತ್ತದೆಂಬುದಕ್ಕೆ ಬ್ರಿಟನ್ನಿನ ಅಂಚೆ ಇಲಾಖೆಯ ‘ಹೊರೈಜನ್’ ಪ್ರಕರಣವೇ ಸಾಕ್ಷಿ. ಲೆಕ್ಕದ ತಂತ್ರಾಂಶದ ದೋಷದಿಂದ ಕಂಡ ಕೊರತೆಯನ್ನು ಕಳವು ಎಂದು ಭಾವಿಸಿ 1999ರಿಂದ 2015ರವರೆಗೆ ಒಂಬೈನೂರಕ್ಕೂ ಹೆಚ್ಚು ಉಪ ಅಂಚೆಪಾಲಕರನ್ನು ಶಿಕ್ಷಿಸಲಾಯಿತು. ಸಾಮೂಹಿಕವಾಗಿ ಆ ಶಿಕ್ಷೆಗಳನ್ನು ರದ್ದುಪಡಿಸಲು 2024ರಲ್ಲಿ ಸಂಸತ್ತೇ ಕಾನೂನು ಮಾಡಬೇಕಾಯಿತು.

ಧವನ್ 1984ರಲ್ಲಿ ಇಸ್ರೊದಿಂದ ನಿವೃತ್ತರಾದರು. ಶ್ರೀಹರಿಕೋಟಾಕ್ಕಾಗಿ ನೆಲೆ ಕಳೆದುಕೊಂಡ ಯಾನಾದಿ ಬುಡಕಟ್ಟಿನವರ ಬದುಕಿನ ಬಗ್ಗೆ ಅವರಿಗೆ ಕಾಳಜಿಯಿತ್ತು. ಪಕ್ಕದ ಪುಲಿಕಾಟ್ ಸರೋವರದ ಹಕ್ಕಿಗಳನ್ನು ಗಮನಿಸುತ್ತಿದ್ದರು. ಹಕ್ಕಿಗಳ ಹಾರಾಟದ ಬಗ್ಗೆ 1988ರಲ್ಲಿ ಒಂದು ಪುಸ್ತಕವನ್ನೂ ಪ್ರಕಟಿಸಿದರು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ನಿಧನರಾದರು. ಅದೇ ವರ್ಷ ಶ್ರೀಹರಿಕೋಟಾದ ಕೇಂದ್ರಕ್ಕೆ ಅವರ ಹೆಸರಿಡಲಾಯಿತು.

ಕಳೆದ ತಿಂಗಳು ಪೀಣ್ಯ ಇಂಡಸ್ಟ್ರಿ ಮೆಟ್ರೊ ನಿಲ್ದಾಣದಲ್ಲಿ ಇಳಿದು ಆ ಹಳೆಯ ಶೆಡ್ಡುಗಳಿದ್ದ ಜಾಗ ಯಾವುದೆಂದು ವಿಚಾರಿಸಿದೆ. ಇಬ್ಬರು ಇಸ್ರೊದ ನಿಯಂತ್ರಣ ಕೇಂದ್ರದ ದಾರಿ ತೋರಿಸಿದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದದ್ದನ್ನು ಇಡೀ ದೇಶ ನೋಡಿದ್ದು ಅಲ್ಲಿಂದಲೇ. ಶೆಡ್ಡುಗಳ ವಿಷಯ ಅವರಿಗೆ ಗೊತ್ತಿರಲಿಲ್ಲ. ಆ ಯುವ ಎಂಜಿನಿಯರ್ ಈಗ ನಡುವಯಸ್ಸಿನವರಾಗಿರಬೇಕು. ಅವರಿಗೆ ಬರೆಯಬೇಕಾಗಿದ್ದ ಪತ್ರವನ್ನು ನಾನು ಇಂದಿಗೂ ಬರೆದಿಲ್ಲ.