ಗುಬ್ಬಿಯ ಬೆನ್ನು ಹತ್ತಿದ ಸಲೀಂ ಅಲಿ

ಗಡಹಿಂಗ್ಲಜದ ಕಡೆ ಬಾವಿಯ ಮೇಲೆ ಬಾಗಿದ ಜಾಲಿಯ ಟೊಂಗೆಗೆ ಗೀಜಗನ ಗೂಡುಗಳು ತೂಗಾಡುವುದನ್ನು ನಾವೆಲ್ಲ ನೋಡಿದ್ದೇವೆ. ಕಿತ್ತು ಮನೆಗೂ ತಂದಿದ್ದೇವೆ. ಆ ಹಕ್ಕಿಯ ಸಂಸಾರದ ಗುಟ್ಟನ್ನು ತಾಳ್ಮೆಯಿಂದ ಬಿಡಿಸಿದವರು ಡಾ. ಸಲೀಂ ಅಲಿ.

ಅವರು ಹುಟ್ಟಿದ್ದು ಮುಂಬಯಿಯಲ್ಲಿ, 1896ರ ನವೆಂಬರ್ 12ರಂದು. ಎಳೆವಯಸ್ಸಿನಲ್ಲೇ ತಬ್ಬಲಿಯಾಗಿ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಮನೆಯಲ್ಲಿ ಬೆಳೆದರು. ಆಟಕ್ಕೆ ಏರ್‌ಗನ್ ಸಿಕ್ಕಿತ್ತು. ಮನೆಯ ಕುದುರೆಲಾಯದ ಗೋಡೆಯ ತೂತಿನಲ್ಲಿ ಗುಬ್ಬಿಯೊಂದು ಗೂಡು ಮಾಡಿತ್ತು. ಹೆಣ್ಣು ಒಳಗೆ, ಗಂಡು ಹೊರಗೆ ಕಾವಲು. ಹುಡುಗ ಗಂಡನ್ನು ಹೊಡೆದ. ಬೇಗನೆ ಇನ್ನೊಂದು ಗಂಡು ಬಂದು ಅಲ್ಲೇ ಕುಳಿತಿತು. ಹೀಗೆ ಏಳು ದಿನದಲ್ಲಿ ಎಂಟು ಗುಬ್ಬಿಗಳನ್ನು ಹೊಡೆದು, ಕಂಡದ್ದನ್ನು ಬರೆದಿಟ್ಟ. ಓದುವಾಗ ನಮಗೆ ಸಂಕಟವೇ ಆಯಿತು. ಆದರೆ ಕವಣೆ ಹಿಡಿದ ನಮ್ಮೂರ ಹುಡುಗರಲ್ಲಿ ಹೀಗೆ ಬರೆದಿಟ್ಟವರನ್ನು ನಾವು ಕಾಣೆವು.

1908ರಲ್ಲಿ ಹೊಡೆದ ಒಂದು ಗುಬ್ಬಿಯ ಗಂಟಲಲ್ಲಿ ಹಳದಿ ಮಚ್ಚೆಯಿತ್ತು. ಇದ್ಯಾವ ಹಕ್ಕಿ? ಮಾವ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಕಾರ್ಯದರ್ಶಿ ಮಿಲಾರ್ಡ್ ಸಾಹೇಬರು ಅದರ ಹೆಸರು ಹೇಳಿ, ಅಲ್ಲಿದ್ದ ಹಕ್ಕಿಗಳ ಸಂಗ್ರಹವನ್ನೆಲ್ಲ ತೆರೆದು ತೋರಿಸಿದರು.

ಶಾಲೆಯಲ್ಲಿ ಸಲೀಂ ಜಾಣರೇನಲ್ಲ. ತಲೆನೋವಿನಿಂದ ನರಳುತ್ತ 1913ರಲ್ಲಿ ಹೇಗೋ ಮೆಟ್ರಿಕ್ ಮುಗಿಸಿದರು. ಬರ್ಮಾದ ವ್ಯವಹಾರವೂ ಕೈಹತ್ತಲಿಲ್ಲ. ಜರ್ಮನಿಯಲ್ಲಿ ಪಕ್ಷಿಶಾಸ್ತ್ರ ಕಲಿತು 1930ರಲ್ಲಿ ಮರಳಿದಾಗ, ಮ್ಯೂಸಿಯಮ್ಮಿನಲ್ಲಿದ್ದ ಅವರ ನೌಕರಿಯೇ ಇರಲಿಲ್ಲ. ಪತ್ನಿ ತಹಮೀನಾರೊಡನೆ ಕಡಲತೀರದ ಕಿಹೀಮ್ ಎಂಬ ಹಳ್ಳಿಗೆ ಹೋಗಿ ನಿಂತರು. ಮನೆಯ ಸಮೀಪದಲ್ಲೇ ಗೀಜಗಗಳು ಗೂಡು ಹೆಣೆಯುತ್ತಿದ್ದವು. ಕೆಲಸವಿಲ್ಲದ ಆ ಮಳೆಗಾಲವನ್ನು ಸಲೀಂ ಅವುಗಳನ್ನು ನೋಡುತ್ತಲೇ ಕಳೆದರು.

ಅರ್ಧಕ್ಕೆ ನಿಂತ ಗೂಡನ್ನು ಕೆಟ್ಟುಹೋದದ್ದೆಂದು ನಾವು ತಿಳಿದಿದ್ದೆವು. ಹಾಗಲ್ಲ. ಗಂಡು ಅಷ್ಟು ಹೆಣೆದು ಹೆಣ್ಣಿಗಾಗಿ ಕಾಯುತ್ತದೆ. ಹೆಣ್ಣು ಬಂದು, ಹೊಕ್ಕು ನೋಡಿ ಒಪ್ಪಿದರೆ ಮಾತ್ರ ಉಳಿದರ್ಧ. ಅದು ಮೊಟ್ಟೆಯಿಟ್ಟ ಮೇಲೆ ಈ ಗಂಡು ಇನ್ನೊಂದು ಗೂಡಿಗೆ ಕೈಹಾಕಿ, ಇನ್ನೊಂದು ಹೆಣ್ಣಿನ ದಾರಿ ಕಾಯುತ್ತದೆ! ಈ ಲೇಖನದಿಂದ ಅವರ ಹೆಸರು ಹೊರಬಿತ್ತು.

ಮೈಸೂರು ಸಂಸ್ಥಾನದ ಹಕ್ಕಿಗಳನ್ನೂ ಅವರು ಸಮೀಕ್ಷೆ ಮಾಡಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದದ್ದು ಅವರ ಒತ್ತಾಯದಿಂದ. ಅದಕ್ಕೆ ಮುಂಚಿನ ವರ್ಷವೇ ತಹಮೀನಾ ತೀರಿಕೊಂಡಿದ್ದರು. 1941ರಲ್ಲಿ ಭಾರತದ ಹಕ್ಕಿಗಳ ಪುಸ್ತಕ ಬಂದಿತು, 1976ರಲ್ಲಿ ಪದ್ಮವಿಭೂಷಣ. 1987ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ತೀರಿಕೊಂಡರು.

ಕಳೆದ ಬೇಸಿಗೆಯಲ್ಲಿ ನಾವು ಶಾಲೆಯ ಹಿಂದಿನ ಬೇವಿನ ನೆರಳಲ್ಲಿ ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟೆವು. ಮೊದಲು ಕಾಗೆ ಬಂತು, ಆಮೇಲೆ ಗೊರವಂಕ, ನಾಲ್ಕನೆಯ ದಿನ ಪಿಕಳಾರದ ಜೋಡಿ. ಗುಬ್ಬಿಗಾಗಿ ಹನ್ನೊಂದು ದಿನ ಕಾಯಬೇಕಾಯಿತು. ಎಲ್ಲವನ್ನೂ ತಾರೀಖಿನೊಡನೆ ವಹಿಯಲ್ಲಿ ಬರೆದಿಟ್ಟಿದ್ದೇವೆ.